ಗವರ್ನರ್ ಬೇಡ ಅಂದರೂ ಬಂದ ಸೈನಿಕರು: ಲಾಸ್ ಏಂಜಲಿಸ್, 2025

2025ರ ಜೂನ್ 7, ಶನಿವಾರ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವತ್ತು ಒಂದು ಆದೇಶಕ್ಕೆ ಸಹಿ ಹಾಕಿದರು. ನ್ಯಾಷನಲ್ ಗಾರ್ಡ್‌ನ ಕನಿಷ್ಠ 2,000 ಸೈನಿಕರನ್ನು 60 ದಿನಗಳ ಮಟ್ಟಿಗೆ ಕೇಂದ್ರದ ಸೇವೆಗೆ ತೆಗೆದುಕೊಳ್ಳುವ ಆದೇಶ. ಅದನ್ನು ಓದಿದರೆ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಲಾಸ್ ಏಂಜಲಿಸ್ ಹೆಸರಿಲ್ಲ. ಕ್ಯಾಲಿಫೋರ್ನಿಯಾ ಹೆಸರೂ ಇಲ್ಲ. ಪ್ರತಿಭಟನೆ ನಡೆಯುತ್ತಿರುವ, ಅಥವಾ ನಡೆಯಬಹುದಾದ ಜಾಗಗಳಲ್ಲಿ ವಲಸೆ ಅಧಿಕಾರಿಗಳನ್ನೂ ಕೇಂದ್ರದ ಆಸ್ತಿಯನ್ನೂ ಕಾಯಬೇಕು ಅಂತ ಮಾತ್ರ ಇದೆ.

ಕ್ಯಾಲಿಫೋರ್ನಿಯಾ ಗವರ್ನರ್ ಗ್ಯಾವಿನ್ ನ್ಯೂಸಮ್ ಸೈನಿಕರನ್ನು ಕೇಳಿರಲಿಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳಿದರು. ಆದರೂ ಮರುದಿನ ಬೆಳಿಗ್ಗೆ ಸುಮಾರು 300 ಜನ ಗಾರ್ಡ್ ಸೈನಿಕರು ನಗರದಲ್ಲಿದ್ದರು. ಗವರ್ನರ್ ಕೇಳದೆ ಅಧ್ಯಕ್ಷರೊಬ್ಬರು ಹೀಗೆ ಒಂದು ರಾಜ್ಯದ ಗಾರ್ಡ್ ಪಡೆಯನ್ನು ಕೈಗೆ ತೆಗೆದುಕೊಂಡದ್ದು 1965ರ ನಂತರ ಇದೇ ಮೊದಲು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗೋಣ. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಥರ ಅಲ್ಲ. ಜನ ಓಟು ಹಾಕಿ ಆರಿಸಿದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ನ್ಯಾಷನಲ್ ಗಾರ್ಡ್ ಅವರ ಕೈಕೆಳಗಿನ ಪಡೆ. ಅದರಲ್ಲಿರುವವರು ಬಹುಪಾಲು ಅರೆಕಾಲಿಕ ಸೈನಿಕರು. ವಾರದ ದಿನಗಳಲ್ಲಿ ಮೇಷ್ಟ್ರೋ ಮೆಕ್ಯಾನಿಕ್ಕೋ ಆಗಿರುತ್ತಾರೆ. ಕಾಡ್ಗಿಚ್ಚು, ಪ್ರವಾಹ, ಭೂಕಂಪ ಬಂದಾಗ ಗವರ್ನರ್ ಕರೆಸುತ್ತಾರೆ. ಯುದ್ಧ ಬಂದರೆ ಅಧ್ಯಕ್ಷರು ಕರೆಸುತ್ತಾರೆ. ಒಂದೇ ಪಡೆಗೆ ಇಬ್ಬರು ಯಜಮಾನರು. ಈ ಪ್ರಕರಣ ಹುಟ್ಟಿದ್ದು ಇಲ್ಲಿಂದಲೇ.

ಆ ಶುಕ್ರವಾರ

ಇದಕ್ಕೆ ಹಿಂದಿನ ದಿನ, ಜೂನ್ 6ರಂದು, ‘ಐಸ್’ ಅಂತ ಎಲ್ಲರೂ ಕರೆಯುವ ವಲಸೆ ಜಾರಿ ಸಂಸ್ಥೆಯ ಅಧಿಕಾರಿಗಳು ಲಾಸ್ ಏಂಜಲಿಸ್‌ನ ಹಲವು ಕಡೆ ದಾಳಿ ಮಾಡಿದರು. ಫ್ಯಾಷನ್ ಡಿಸ್ಟ್ರಿಕ್ಟ್‌ನ ಒಂದು ಬಟ್ಟೆ ಗೋದಾಮಿಗೆ ಹೋದರು. ವೆಸ್ಟ್‌ಲೇಕ್ ಬಡಾವಣೆಯ ಹೋಂ ಡಿಪೋ ಅಂಗಡಿಯ ಪಾರ್ಕಿಂಗ್ ಜಾಗಕ್ಕೂ ಹೋದರು. ಬೆಂಗಳೂರಿನ ಸರ್ಕಲ್‌ಗಳಲ್ಲಿ ಗಾರೆ ಕೆಲಸದವರು ಬೆಳಿಗ್ಗೆ ಮೇಸ್ತ್ರಿಗಾಗಿ ಕಾದು ನಿಲ್ಲುತ್ತಾರಲ್ಲ, ಹಾಗೆ ಅಲ್ಲಿ ದಿನಗೂಲಿಗಳು ನಿಲ್ಲುವುದು ಈ ಅಂಗಡಿಗಳ ಮುಂದೆ. ಅವತ್ತಿನ ದಾಳಿಗಳಲ್ಲಿ 44 ಜನರನ್ನು ಹಿಡಿದರು. ಅಡ್ಡ ಬಂದರು ಅಂತ ಎಸ್‌ಇಐಯು ಕಾರ್ಮಿಕ ಸಂಘಟನೆಯ ಕ್ಯಾಲಿಫೋರ್ನಿಯಾ ಅಧ್ಯಕ್ಷ ಡೇವಿಡ್ ಹುಯೆರ್ಟಾ ಅವರನ್ನೂ ಬಂಧಿಸಿದರು. ಸಂಜೆಯ ಹೊತ್ತಿಗೆ ಡೌನ್‌ಟೌನ್‌ನ ಕೇಂದ್ರ ಬಂಧೀಖಾನೆ ಮುಂದೆ ಜನ ಸೇರಿದರು.

ದಾಳಿ ಏಕೆ ಇಷ್ಟು ಜೋರಾಯಿತು ಅನ್ನುವುದಕ್ಕೆ ಹಿನ್ನೆಲೆ ಇದೆ. ಮೇ ಕೊನೆಯಲ್ಲಿ ಶ್ವೇತಭವನದ ಸ್ಟೀಫನ್ ಮಿಲ್ಲರ್ ದಿನಕ್ಕೆ 3,000 ಬಂಧನ ಅನ್ನುವ ಗುರಿಯನ್ನು ಟಿವಿಯಲ್ಲೇ ಹೇಳಿದ್ದರು. ಅಪರಾಧ ಮಾಡಿದವರನ್ನು ಮಾತ್ರ ಹುಡುಕುತ್ತಾ ಹೋದರೆ ಆ ಸಂಖ್ಯೆ ಮುಟ್ಟುವುದು ಕಷ್ಟ. ಕೆಲಸದ ಜಾಗ, ಕೂಲಿಕಾರರು ನಿಲ್ಲುವ ಜಾಗ, ಕಾರು ತೊಳೆಯುವ ಜಾಗ, ಹೀಗೆ ಜನ ಗುಂಪಾಗಿ ಸಿಗುವ ಕಡೆಗೇ ಹೋಗಬೇಕು. ಲಾಸ್ ಏಂಜಲಿಸ್ ಕೌಂಟಿಯಲ್ಲಿ ಸುಮಾರು ಮೂರರಲ್ಲೊಬ್ಬರು ಹೊರದೇಶದಲ್ಲಿ ಹುಟ್ಟಿದವರು. ಅಂಥ ಊರಲ್ಲಿ ಇದು ಯಾರಿಗೂ ಪರರ ಸುದ್ದಿ ಅಲ್ಲ.

ಶನಿವಾರ ಗಲಾಟೆ ಪ್ಯಾರಮೌಂಟ್ ಮತ್ತು ಕಾಂಪ್ಟನ್ ಕಡೆಗೆ ಹಬ್ಬಿತು. ಕಲ್ಲು ಬಿದ್ದವು, ಅಶ್ರುವಾಯು ಹಾರಿತು. ಅದಕ್ಕೂ ಮುಂಚೆ, ಶುಕ್ರವಾರ ತಡರಾತ್ರಿ, ಟ್ರಂಪ್ ಮತ್ತು ನ್ಯೂಸಮ್ ಫೋನಿನಲ್ಲಿ 16 ನಿಮಿಷ ಮಾತಾಡಿದ್ದರು. ಗಾರ್ಡ್ ಕಳಿಸುವ ವಿಷಯವೇ ಅದರಲ್ಲಿ ಬರಲಿಲ್ಲ ಅನ್ನುತ್ತಾರೆ ನ್ಯೂಸಮ್.

ಭಾನುವಾರ, ಅಂದರೆ ಸೈನಿಕರು ಬಂದ ದಿನವೇ, ಪರಿಸ್ಥಿತಿ ಇನ್ನೂ ಕೆಟ್ಟಿತು. 101 ಹೆದ್ದಾರಿಯನ್ನು ಜನ ತಡೆದರು. ವೇಮೋ ಕಂಪನಿಯ ಚಾಲಕರಿಲ್ಲದ ಕಾರುಗಳಿಗೆ ಬೆಂಕಿ ಹಚ್ಚಿದರು. ಭಾರತದ ಟಿವಿಗಳಲ್ಲೂ ನಾವು ನೋಡಿದ್ದು ಹೆಚ್ಚಾಗಿ ಈ ಉರಿಯುವ ಕಾರುಗಳನ್ನೇ. ನಗರದ ಪೊಲೀಸ್ ಮುಖ್ಯಸ್ಥ ಜಿಮ್ ಮ್ಯಾಕ್‌ಡಾನೆಲ್ ಆ ರಾತ್ರಿ ಪರಿಸ್ಥಿತಿ ಕೈಮೀರಿದೆ ಅನ್ನುವ ಅರ್ಥದ ಮಾತಾಡಿದರು. ಟ್ರಂಪ್ ಅದನ್ನು ಹಿಡಿದುಕೊಂಡರು. ನ್ಯೂಸಮ್ ಹೇಳಿದ್ದು ಬೇರೆ: ಸೈನಿಕರನ್ನು ತಂದದ್ದೇ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು ಅಂತ. ಇಬ್ಬರಿಗೂ ಆ ದಿನದ ಚಿತ್ರಗಳು ಬೇಕಾಗಿದ್ದವು. ನ್ಯೂಸಮ್ ಕೂಡ ರಾಜಕಾರಣಿಯೇ, ಸಂತ ಅಲ್ಲ.

ಮೇಯರ್ ಕ್ಯಾರನ್ ಬಾಸ್ ಜೂನ್ 10ರಂದು ಡೌನ್‌ಟೌನ್‌ನ ಸುಮಾರು ಒಂದು ಚದರ ಮೈಲಿ ಜಾಗಕ್ಕೆ ರಾತ್ರಿ ಕರ್ಫ್ಯೂ ಹಾಕಿದರು. ವಾರದಲ್ಲಿ ತೆಗೆದರು. ಇಷ್ಟು ದೊಡ್ಡ ನಗರದಲ್ಲಿ ಒಂದು ಚದರ ಮೈಲಿ. ಉಳಿದ ಕಡೆ ಜನ ಸುಮ್ನೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಅಷ್ಟರಲ್ಲಿ ಕೇಂದ್ರ ಇನ್ನೂ 2,000 ಗಾರ್ಡ್ ಸೈನಿಕರಿಗೂ, ಟ್ವೆಂಟಿನೈನ್ ಪಾಮ್ಸ್ ನೆಲೆಯ 700 ಮರೀನ್‌ಗಳಿಗೂ (ಇವರು ಗಾರ್ಡ್ ಅಲ್ಲ, ಕೇಂದ್ರದ ಖಾಯಂ ಸೇನೆಯವರು) ಆದೇಶ ಕೊಟ್ಟಾಗಿತ್ತು. ಖರ್ಚು ಸುಮಾರು 13.4 ಕೋಟಿ ಡಾಲರ್ ಆಗಬಹುದು ಅಂತ ಪೆಂಟಗನ್ ಸಂಸತ್ತಿಗೆ ಹೇಳಿತು. ಮೊದಲು ಬಂದ ಸೈನಿಕರು ಮಲಗಲು ಜಾಗವಿಲ್ಲದೆ ನೆಲದ ಮೇಲೆ ಒತ್ತೊತ್ತಾಗಿ ಮಲಗಿದ್ದ ಫೋಟೋಗಳು ಪತ್ರಿಕೆಯಲ್ಲಿ ಬಂದವು. ಎಷ್ಟು ಆತುರದಲ್ಲಿ ಕಳಿಸಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಯಾರ ಕೆಲಸ ಯಾವುದು

ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ: ವಲಸೆ ಕೇಂದ್ರದ ವಿಷಯ ಅಲ್ವಾ, ರಾಜ್ಯಕ್ಕೇನು ಕೆಲಸ?

ಹೌದು, ಕೇಂದ್ರದ್ದೇ. ಅರಿಜೋನಾ ರಾಜ್ಯ ತನ್ನದೇ ವಲಸೆ ಕಾನೂನು ಮಾಡಲು ಹೋದಾಗ ಸುಪ್ರೀಂ ಕೋರ್ಟ್ 2012ರಲ್ಲಿ ಅದರ ಬಹುಭಾಗ ಹೊಡೆದುಹಾಕಿತು. ಕ್ಯಾಲಿಫೋರ್ನಿಯಾಕ್ಕೆ ಐಸ್ ಅಧಿಕಾರಿಗಳನ್ನು ತಡೆಯುವ ಅಧಿಕಾರ ಇಲ್ಲ. ಆದರೆ ಸಹಾಯ ಮಾಡಲೇಬೇಕು ಅಂತಲೂ ಇಲ್ಲ. ಕೇಂದ್ರದ ಕಾನೂನು ಜಾರಿ ಮಾಡಿ ಅಂತ ರಾಜ್ಯದ ಅಧಿಕಾರಿಗಳಿಗೆ ಅಪ್ಪಣೆ ಕೊಡುವಂತಿಲ್ಲ ಅಂತ 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಬಂದೂಕು ಮಾರಾಟದ ಕಾನೂನಿಗೆ ಸಂಬಂಧಿಸಿದ ಕೇಸು. ಗೆದ್ದವರು ಸಂಪ್ರದಾಯವಾದಿ ಶೆರಿಫ್‌ಗಳು, ಅಂದರೆ ಕೌಂಟಿಗಳ ಪೊಲೀಸ್ ಮುಖ್ಯಸ್ಥರು. ಅದೇ ತೀರ್ಪಿನ ನೆರಳಲ್ಲಿ ಈಗ ನಿಂತಿರುವುದು ಉದಾರವಾದಿ ಕ್ಯಾಲಿಫೋರ್ನಿಯಾ.

ಆ ಬಲದ ಮೇಲೆ 2017ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿತು. ರಾಜ್ಯದ ಪೊಲೀಸರು ವಲಸೆ ಜಾರಿಗೆ ಸಮಯ, ಹಣ ಖರ್ಚು ಮಾಡಬಾರದು ಅಂತ. ಗಂಭೀರ ಅಪರಾಧಗಳಿಗೆ ವಿನಾಯಿತಿ ಇದೆ. ಲಾಸ್ ಏಂಜಲಿಸ್ ಪೊಲೀಸರ ಮಟ್ಟಿಗೆ ಇದು ಹೊಸದೇನಲ್ಲ. 1979ರಿಂದಲೇ ಅವರಿಗೆ ಇಂಥ ಇಲಾಖಾ ಆದೇಶ ಇದೆ. ಅದನ್ನು ತಂದ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ಮೃದು ಮನುಷ್ಯ ಅಂತ ಯಾರೂ ಹೇಳಲಾರರು. ಕಾರಣ ವ್ಯಾವಹಾರಿಕ. ಗಡೀಪಾರಿಗೆ ಹೆದರಿದ ಜನ ಕಳ್ಳತನ ಆದರೂ ದೂರು ಕೊಡುವುದಿಲ್ಲ, ಕೊಲೆ ನೋಡಿದರೂ ಸಾಕ್ಷಿ ಹೇಳುವುದಿಲ್ಲ.

ಹೀಗೆ ಒಂದು ಹಳೆಯ ಸಮತೋಲ ಇತ್ತು. ಕೇಂದ್ರ ತನ್ನ ಜನರಿಂದ ತನ್ನ ಕೆಲಸ ಮಾಡಿಸಿಕೊಳ್ಳಲಿ, ರಾಜ್ಯ ಕೈಕಟ್ಟಿ ನಿಲ್ಲಲಿ. ಕೇಂದ್ರದ ಜನಬಲ ಕಡಿಮೆ ಇರುವವರೆಗೆ ಇದು ನಡೆಯಿತು. ರಾಜ್ಯದ್ದೇ ಸೈನಿಕರನ್ನು ಕೇಂದ್ರ ತನ್ನ ಜನಬಲವಾಗಿ ಎಣಿಸಿಕೊಂಡಾಗ ಆ ಸಮತೋಲ ತಪ್ಪಿತು.

ಕಾಗದದ ಮೇಲಿನ ‘ಮೂಲಕ’

ಟ್ರಂಪ್ ಆಧಾರವಾಗಿ ಇಟ್ಟುಕೊಂಡದ್ದು ಕೇಂದ್ರ ಕಾನೂನಿನ ಸೆಕ್ಷನ್ 12406. ಅದು ಮೂರು ಸಂದರ್ಭಗಳನ್ನು ಹೇಳುತ್ತದೆ. ವಿದೇಶಿ ಆಕ್ರಮಣ ಅಥವಾ ಅದರ ಅಪಾಯ. ಸರ್ಕಾರದ ವಿರುದ್ಧ ದಂಗೆ ಅಥವಾ ಅದರ ಅಪಾಯ. ಅಥವಾ, ‘ರೆಗ್ಯುಲರ್ ಫೋರ್ಸಸ್’ ಬಳಸಿಯೂ ದೇಶದ ಕಾನೂನು ಜಾರಿ ಮಾಡಲು ಅಧ್ಯಕ್ಷರಿಗೆ ಆಗದಿರುವುದು. ಕೊನೆಗೆ ಒಂದು ಸಾಲು: ಈ ಆದೇಶಗಳು ಗವರ್ನರ್‌ಗಳ ಮೂಲಕ ಹೋಗಬೇಕು.

ಇನ್ಸರೆಕ್ಷನ್ ಆ್ಯಕ್ಟ್ ಅನ್ನುವ ಹಳೆಯ ದಂಗೆ ಕಾಯ್ದೆಯನ್ನು ಟ್ರಂಪ್ ಮುಟ್ಟಲಿಲ್ಲ. ಅದನ್ನು ಬಳಸಿದ್ದರೆ ಅವರ ಕೈಗೆ ಇನ್ನೂ ದೊಡ್ಡ ಅಧಿಕಾರ ಸಿಗುತ್ತಿತ್ತು, ರಾಜಕೀಯ ಬೆಲೆಯೂ ದೊಡ್ಡದಿರುತ್ತಿತ್ತು. 12406 ಅನ್ನು ಅದಕ್ಕೆ ಮುಂಚೆ ಒಂಟಿಯಾಗಿ ಬಳಸಿದ ಉದಾಹರಣೆ ಒಂದೇ. 1970ರಲ್ಲಿ ಅಂಚೆ ನೌಕರರ ಮುಷ್ಕರ ನಡೆದಾಗ ಅಧ್ಯಕ್ಷ ನಿಕ್ಸನ್ ಇದೇ ಕಾನೂನಿನ ಹಳೆಯ ರೂಪವನ್ನು ಬಳಸಿ ಸೈನಿಕರಿಂದ ಅಂಚೆ ಕೆಲಸ ಮಾಡಿಸಿದ್ದರು.

ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್ಸೆತ್ ಆದೇಶದ ತಲೆಯ ಮೇಲೆ ‘ಕ್ಯಾಲಿಫೋರ್ನಿಯಾ ಗವರ್ನರ್ ಮೂಲಕ’ ಅಂತ ಅಚ್ಚು ಮಾಡಿಸಿದ್ದರು. ಆದರೆ ಕಾಗದ ಹೋದದ್ದು ಗವರ್ನರ್‌ಗಲ್ಲ, ರಾಜ್ಯದ ಗಾರ್ಡ್ ಪಡೆಯ ಮುಖ್ಯಸ್ಥರಿಗೆ. ಕಚೇರಿ ಕಾಗದ ಪತ್ರ ನೋಡಿದವರಿಗೆ ಈ ಜಾಣತನ ಗೊತ್ತು. ‘ಮುಖಾಂತರ’ ಅಂತ ಬರೆದು ಆ ಮುಖಕ್ಕೆ ತೋರಿಸದೆ ಕಳಿಸುವುದು.

ಜೂನ್ 9ರಂದು ನ್ಯೂಸಮ್ ಮತ್ತು ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಕೋರ್ಟಿಗೆ ಹೋದರು. ಕೇಸು ಬಂದದ್ದು ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ಜಿಲ್ಲಾ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಮುಂದೆ. ಜೂನ್ 12ರಂದು ವಿಚಾರಣೆ. ಸರ್ಕಾರದ ವಕೀಲರ ವಾದ ಸರಳ: ಪರಿಸ್ಥಿತಿ ಹೇಗಿದೆ ಅಂತ ತೀರ್ಮಾನಿಸುವುದು ಅಧ್ಯಕ್ಷರು, ಕೋರ್ಟು ಅದನ್ನು ಪ್ರಶ್ನಿಸುವಂತಿಲ್ಲ. ಅಧ್ಯಕ್ಷರ ಅಧಿಕಾರಕ್ಕೂ ಮಿತಿ ಇದೆ, ಸಂವಿಧಾನದ ಸರ್ಕಾರಕ್ಕೂ ಹಿಂದೆ ಅಮೆರಿಕವನ್ನು ಆಳಿದ ಬ್ರಿಟಿಷ್ ರಾಜ ಕಿಂಗ್ ಜಾರ್ಜ್‌ಗೂ ಇರುವ ವ್ಯತ್ಯಾಸ ಅದೇ ಅಂತ ಬ್ರೇಯರ್ ಅಂದರು. ಸಂಜೆಯೇ 36 ಪುಟದ ಆದೇಶ ಬಂತು. ಇದು ದಂಗೆಯ ಹತ್ತಿರಕ್ಕೂ ಬರುವುದಿಲ್ಲ, ಕೆಲವರು ಕಲ್ಲು ಎಸೆದರೆ ಎಲ್ಲರ ಪ್ರತಿಭಟನೆಯ ಹಕ್ಕು ಹೋಗುವುದಿಲ್ಲ, ಗಾರ್ಡ್ ಪಡೆಯನ್ನು ಗವರ್ನರ್‌ಗೆ ವಾಪಸ್ ಕೊಡಿ ಅಂತ. ಜಾರಿಗೆ ಮರುದಿನ ಮಧ್ಯಾಹ್ನ 12ರ ಗಡುವು.

ಆ ಮಧ್ಯಾಹ್ನ ಬರಲೇ ಇಲ್ಲ. ಅದೇ ರಾತ್ರಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟ್ ಆದೇಶವನ್ನು ತಡೆಹಿಡಿಯಿತು. ಜೂನ್ 19ರಂದು ಮೂವರು ನ್ಯಾಯಾಧೀಶರ ಪೀಠ ಸರ್ವಾನುಮತದಿಂದ ತಡೆ ಮುಂದುವರಿಸಿತು. ಇಬ್ಬರು ಟ್ರಂಪ್ ನೇಮಿಸಿದವರು, ಒಬ್ಬರು ಬೈಡನ್ ನೇಮಿಸಿದವರು. ಹಾಗಾಗಿ ಪಕ್ಷ ನೋಡಿ ತೀರ್ಪು ಕೊಟ್ಟರು ಅಂತ ತಳ್ಳಿಹಾಕುವ ಹಾಗಿಲ್ಲ.

ಆ ತೀರ್ಪು ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಕೊಟ್ಟಿತು. ಕೋರ್ಟು ಪ್ರಶ್ನಿಸುವಂತೆಯೇ ಇಲ್ಲ ಅನ್ನುವ ಸರ್ಕಾರದ ವಾದ ಒಪ್ಪಲಿಲ್ಲ. ಆದರೆ ಪ್ರಶ್ನಿಸುವಾಗ ಅಧ್ಯಕ್ಷರ ಮಾತಿಗೆ ತುಂಬಾ ಬೆಲೆ ಕೊಡಬೇಕು ಅಂದಿತು. ಇದರ ಬೇರು 1827ರ ಒಂದು ತೀರ್ಪಿನಲ್ಲಿದೆ. 1812ರ ಯುದ್ಧಕ್ಕೆ ಕರೆ ಬಂದಾಗ ಹೋಗದ ನ್ಯೂಯಾರ್ಕಿನ ಒಬ್ಬ ಮಿಲಿಷಿಯಾ (ರಾಜ್ಯದ ನಾಗರಿಕ ಪಡೆ) ಸೈನಿಕನ ಕೇಸು ಅದು. ತುರ್ತು ಇದೆಯೋ ಇಲ್ಲವೋ ಅನ್ನುವುದನ್ನು ಅಧ್ಯಕ್ಷರೇ ನಿರ್ಧರಿಸಬೇಕು ಅಂತ ಸುಪ್ರೀಂ ಕೋರ್ಟ್ ಆಗ ಹೇಳಿತ್ತು. ಬ್ರಿಟಿಷರು ದಂಡೆತ್ತಿ ಬಂದಿದ್ದಾಗಿನ ಮಾತು. ಅದನ್ನು ಹೋಂ ಡಿಪೋ ಪಾರ್ಕಿಂಗ್‌ಗೆ ತಂದು ಇಟ್ಟದ್ದು ನನಗೆ ಸರಿ ಕಾಣುವುದಿಲ್ಲ. ಆದರೂ ಪೀಠದ ಎದುರು ಸಾಕ್ಷ್ಯ ಇತ್ತು. ಐಸ್ ವಾಹನಗಳ ಮೇಲೆ ಕಾಂಕ್ರೀಟ್ ತುಂಡು ಎಸೆದಿದ್ದರು, ಕೇಂದ್ರದ ಕಟ್ಟಡಕ್ಕೆ ಹಾನಿ ಮಾಡಿದ್ದರು. ಕಾನೂನು ಜಾರಿಗೆ ಅಡ್ಡಿಯಾಗಿದೆ ಅಂತ ಅಧ್ಯಕ್ಷರು ಭಾವಿಸಲು ಇಷ್ಟು ಸಾಕು, ದಂಗೆ ಅಂತ ಸಾಬೀತು ಮಾಡಬೇಕಿಲ್ಲ ಅಂತ ಪೀಠ ಅಂದಿತು. ಪಡೆಯ ಮುಖ್ಯಸ್ಥರಿಗೆ ಕಾಗದ ಕೊಟ್ಟರೆ ಗವರ್ನರ್ ‘ಮೂಲಕ’ ಹೋದ ಹಾಗೇ ಅಂತಲೂ ಮೇಲ್ನೋಟಕ್ಕೆ ಒಪ್ಪಿತು.

ಬೊಮ್ಮಾಯಿ ನೆನಪಾಗುವುದು ಇಲ್ಲಿ

ಕರ್ನಾಟಕದವರಿಗೆ ಇದು ಪೂರ್ತಿ ಅಪರಿಚಿತ ಪ್ರಶ್ನೆ ಅಲ್ಲ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂತ ಅವರು ಕೇಳಿಕೊಂಡರೂ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವಕಾಶ ಕೊಡಲಿಲ್ಲ. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ರಾಷ್ಟ್ರಪತಿಗೆ ‘ಮನವರಿಕೆಯಾಗಿದೆ’ ಅಂದಮಾತ್ರಕ್ಕೆ ಮುಗಿಯಲಿಲ್ಲ, ಆ ಮನವರಿಕೆಗೆ ಆಧಾರ ಏನು ಅಂತ ಕೋರ್ಟು ನೋಡಬಹುದು, ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲಿ ಅಂತ. ಕರ್ನಾಟಕದ ವಜಾ ಅಸಾಂವಿಧಾನಿಕ ಅಂತಲೂ ಆಯಿತು.

ಆದರೆ ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ನಡುವೆ ಚುನಾವಣೆಯೇ ಮುಗಿದು ಬೇರೆ ಸರ್ಕಾರ ಬಂದಿತ್ತು. ಬೊಮ್ಮಾಯಿ ಗೆದ್ದರು, ಕುರ್ಚಿ ಬರಲಿಲ್ಲ.

ಕ್ಯಾಲಿಫೋರ್ನಿಯಾ ಪ್ರಕರಣವನ್ನು ನಾನು ಓದುವುದು ಹೀಗೆಯೇ. ಕೋರ್ಟು ಕೇಳಬಹುದೇ ಅನ್ನುವುದು ಒಂದು ಪ್ರಶ್ನೆ. ಕೇಳಿ ಮುಗಿಯುವವರೆಗೆ ಸೈನಿಕ ಎಲ್ಲಿ ನಿಂತಿರುತ್ತಾನೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಪ್ರತಿ ಸಲವೂ ಒಂದೇ ಆಗಿತ್ತು: ಬೀದಿಯಲ್ಲೇ.

ನಮ್ಮ ಸಂವಿಧಾನ ಇಲ್ಲಿ ಕೇಂದ್ರಕ್ಕೆ ಜಾಸ್ತಿ ಜಾಗ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ ರಾಜ್ಯಪಟ್ಟಿಯಲ್ಲಿದೆ. ಆದರೆ ನಾಗರಿಕ ಆಡಳಿತದ ನೆರವಿಗೆ ಕೇಂದ್ರ ಪಡೆ ಕಳಿಸುವ ವಿಷಯ 1976ರ 42ನೇ ತಿದ್ದುಪಡಿಯಿಂದ ಕೇಂದ್ರಪಟ್ಟಿಗೆ ಸೇರಿದೆ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ವೇಳೆ ಬೆಂಗಳೂರಿಗೆ ಕೇಂದ್ರದ ಪಡೆಗಳು ಬಂದದ್ದು ನೆನಪಿರಬಹುದು. ಅವರು ಬಂದದ್ದು ರಾಜ್ಯದ ಜೊತೆ ನಿಲ್ಲಲು. ರಾಜ್ಯ ಬೇಡ ಅಂದಾಗ ಬಂದಿದ್ದರೆ ಕಥೆ ಬೇರೆ ಇರುತ್ತಿತ್ತು.

ಸೈನಿಕರು ನಿಜಕ್ಕೂ ಏನು ಮಾಡಿದರು

ಆಗಸ್ಟ್‌ನಲ್ಲಿ ಬ್ರೇಯರ್ ಕೋರ್ಟಿನಲ್ಲಿ ಮೂರು ದಿನ ವಿಚಾರಣೆ ನಡೆಯಿತು. ಈ ಸಲ ಪ್ರಶ್ನೆ ಬೇರೆ. ಸೈನಿಕರನ್ನು ಕರೆಸಿದ್ದು ಸರಿಯೋ ತಪ್ಪೋ ಇರಲಿ, ಬಂದ ಮೇಲೆ ಅವರು ಪೊಲೀಸ್ ಕೆಲಸ ಮಾಡಿದರೇ? 1878ರ ಪಾಸಿ ಕಾಮಿಟೇಟಸ್ ಕಾಯ್ದೆ ಸೇನೆಯಿಂದ ಪೊಲೀಸ್ ಕೆಲಸ ಮಾಡಿಸುವುದನ್ನು ಅಪರಾಧ ಅನ್ನುತ್ತದೆ.

ಈ ವಿಚಾರಣೆಯಲ್ಲಿ ಹೊರಬಂದ ವಿವರಗಳು ಇಡೀ ಪ್ರಕರಣದಲ್ಲೇ ನನಗೆ ಅತಿ ಕುತೂಹಲದವು. ಕಾರ್ಯಪಡೆಯ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಸ್ಕಾಟ್ ಶರ್ಮನ್ ಸಾಕ್ಷಿ ಹೇಳಿದರು. ಸೈನಿಕರಿಗೆ ಕೊಟ್ಟ ತರಬೇತಿಯಲ್ಲಿ ಮಾಡಬಾರದ ಕೆಲಸಗಳ ಪಟ್ಟಿ ಇತ್ತು. ಬಂಧನ, ಶೋಧ, ವಿಚಾರಣೆ, ಹೀಗೆ. ಅದೇ ಪಟ್ಟಿಯಲ್ಲಿದ್ದ ನಾಲ್ಕನ್ನು, ಅಂದರೆ ಭದ್ರತಾ ಗಸ್ತು, ಸಂಚಾರ ನಿಯಂತ್ರಣ, ಗುಂಪು ನಿಯಂತ್ರಣ ಮತ್ತು ಗಲಭೆ ನಿಯಂತ್ರಣವನ್ನು, ಮಾಡಬಹುದು ಅಂತ ಅವರಿಗೆ ಮೇಲಿನಿಂದ ಹೇಳಿದ್ದರು. ಕೇಂದ್ರದ ಆಸ್ತಿ ಮತ್ತು ಸಿಬ್ಬಂದಿ ಕಾಯುವಾಗ ಸಂವಿಧಾನವೇ ವಿನಾಯಿತಿ ಕೊಡುತ್ತದೆ ಅನ್ನುವ ಕಾರಣ ಕೊಟ್ಟಿದ್ದರು.

ಹಾಗೆ ‘ಕಾಯಲು’ ಹೋದ ಸೈನಿಕರು ಎಲ್ಲಿಯವರೆಗೆ ಹೋದರು ಗೊತ್ತಾ? ಊರಿನಿಂದ ಬಹಳ ದೂರದ ಮೆಕ್ಕಾ ಅನ್ನುವ ಮರುಭೂಮಿ ಊರಿನ ಗಾಂಜಾ ತೋಟದವರೆಗೆ. ಜುಲೈನಲ್ಲಿ ಕ್ಯಾಮರಿಲ್ಲೊ ಮತ್ತು ಕಾರ್ಪಿಂಟೇರಿಯಾದ ತೋಟಗಳವರೆಗೆ. ಅಲ್ಲಿ ಕೇಂದ್ರದ ಕಟ್ಟಡವೂ ಇಲ್ಲ, ಪ್ರತಿಭಟನೆಯೂ ಮೊದಲೇ ಇರಲಿಲ್ಲ. ದಾಳಿ ಮಾಡುವವರ ಜೊತೆ ಸೈನಿಕರೂ ಹೋದರು, ರಸ್ತೆ ತಡೆದು ನಿಂತರು.

ಜುಲೈ 7ರ ಮ್ಯಾಕ್‌ಆರ್ಥರ್ ಪಾರ್ಕ್ ಘಟನೆ ಇನ್ನೂ ವಿಚಿತ್ರ. ಮಧ್ಯ ಅಮೆರಿಕದ ವಲಸಿಗರು ತುಂಬಿರುವ ಬಡಾವಣೆಯ ಉದ್ಯಾನ ಅದು. ಕುದುರೆ ಸವಾರರು, ಸೇನಾ ವಾಹನಗಳು, ಬಂದೂಕು ಹಿಡಿದ ಅಧಿಕಾರಿಗಳು ಅದರ ಮಧ್ಯೆ ಹಾದುಹೋದರು. ಸ್ವಲ್ಪ ಹೊತ್ತಿನಲ್ಲಿ ಹೊರಟೂ ಹೋದರು. ಯಾರನ್ನು ಹಿಡಿಯಲು ಬಂದಿದ್ದರು ಅಂತ ಕೇಳಿದರೆ ಉತ್ತರ ಇಲ್ಲ. ತೋರಿಸಿಕೊಳ್ಳುವುದೇ ಕೆಲಸವಾಗಿತ್ತು. ಈ ಯೋಜನೆ ಬಗ್ಗೆ ತಾನು ಆತಂಕ ಹೇಳಿದಾಗ, ಗಡಿ ಪಡೆಯ ಗ್ರೆಗರಿ ಬೊವಿನೊ ತನ್ನ ದೇಶನಿಷ್ಠೆಯನ್ನೇ ಪ್ರಶ್ನಿಸಿದರು ಅಂತ ಶರ್ಮನ್ ಕೋರ್ಟಿನಲ್ಲಿ ಹೇಳಿದರು. ಎರಡು ನಕ್ಷತ್ರದ ಜನರಲ್‌ಗೆ!

ಇಡೀ ಕಾರ್ಯಾಚರಣೆಯಲ್ಲಿ ಮರೀನ್‌ಗಳು ಮೊದಲು ತಡೆದಿಟ್ಟದ್ದು ಯಾರನ್ನು? ಜೂನ್ 13ರಂದು ವಿಲ್ಶರ್ ಕೇಂದ್ರ ಕಟ್ಟಡದಲ್ಲಿ ನಿವೃತ್ತ ಸೈನಿಕರ ಕಚೇರಿಗೆ ಹೊರಟಿದ್ದ ಒಬ್ಬ ಮಾಜಿ ಸೈನಿಕನನ್ನು. ಹಳದಿ ಟೇಪ್ ದಾಟಿದ್ದ ಅಂತ. ಆಮೇಲೆ ಬಿಟ್ಟರು. ಆತ ಸ್ವತಃ ವಲಸೆ ಬಂದು ಸೇನೆಯ ಮೂಲಕ ಪೌರತ್ವ ಪಡೆದವನು.

ಇದೇ ಊರಲ್ಲಿ 1992ರಲ್ಲೂ ಮರೀನ್‌ಗಳು ಬಂದಿದ್ದರು. ರಾಡ್ನಿ ಕಿಂಗ್ ಅನ್ನುವ ಕಪ್ಪು ವ್ಯಕ್ತಿಯನ್ನು ಪೊಲೀಸರು ಹೊಡೆದ ಪ್ರಕರಣದ ತೀರ್ಪಿನ ನಂತರದ ಗಲಭೆ ಅದು. 60ಕ್ಕೂ ಹೆಚ್ಚು ಜನ ಸತ್ತರು. ಆಗ ಗವರ್ನರ್ ಪೀಟ್ ವಿಲ್ಸನ್ ತಾವೇ ಕೇಳಿ ತರಿಸಿಕೊಂಡಿದ್ದರು. ಆಗ ಕಾಂಪ್ಟನ್‌ನಲ್ಲಿ ಒಂದು ಮನೆಜಗಳಕ್ಕೆ ಪೊಲೀಸರ ಜೊತೆ ಮರೀನ್‌ಗಳು ಹೋದರು. ಒಳಗಿನಿಂದ ಗುಂಡು ಬಂತು. ಪೊಲೀಸನೊಬ್ಬ ನನಗೆ ರಕ್ಷಣೆ ಕೊಡಿ ಅಂತ ಕೂಗಿದ. ಬಂದೂಕು ಗುರಿಹಿಡಿದು ಸಿದ್ಧವಾಗಿರಿ ಅನ್ನುವುದು ಅವನ ಅರ್ಥ. ಮರೀನ್‌ಗಳು ಯುದ್ಧದಲ್ಲಿ ಕಲಿತ ಹಾಗೆ ಆ ಮನೆ ಮೇಲೆ 200ಕ್ಕೂ ಹೆಚ್ಚು ಗುಂಡು ಹಾರಿಸಿದರು. ಒಳಗೆ ಮಕ್ಕಳಿದ್ದರು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಸೈನಿಕರನ್ನು ಪೊಲೀಸ್ ಕೆಲಸಕ್ಕೆ ಹಚ್ಚಬಾರದು ಅನ್ನುವವರು ಇವತ್ತಿಗೂ ಈ ಘಟನೆ ಹೇಳುತ್ತಾರೆ.

ಸೆಪ್ಟೆಂಬರ್ 2ರಂದು ಬ್ರೇಯರ್ ತೀರ್ಪು ಬಂತು. ದಂಗೆ ಇರಲಿಲ್ಲ, ಪೊಲೀಸರಿಗೆ ಕೈಲಾಗದೆಯೂ ಇರಲಿಲ್ಲ, ಕೇಂದ್ರ ಗೊತ್ತಿದ್ದೂ ಪಾಸಿ ಕಾಮಿಟೇಟಸ್ ಕಾಯ್ದೆ ಮುರಿದಿದೆ, ಅಧ್ಯಕ್ಷರೇ ಮುಖ್ಯಸ್ಥರಾದ ರಾಷ್ಟ್ರೀಯ ಪೊಲೀಸ್ ಪಡೆ ಕಟ್ಟಲು ಹೊರಟ ಹಾಗಿದೆ. ರಾಜ್ಯ ಎರಡನೇ ಸಲ ಗೆದ್ದಿತು. ಎರಡು ದಿನಗಳಲ್ಲಿ ಮೇಲ್ಮನವಿ ಕೋರ್ಟ್ ಇದನ್ನೂ ತಡೆಹಿಡಿಯಿತು.

ಆ ಹೊತ್ತಿಗೆ ಮರೀನ್‌ಗಳು ಹೋಗಿಯಾಗಿತ್ತು. 4,000ದಷ್ಟಿದ್ದ ಗಾರ್ಡ್ ಸೈನಿಕರಲ್ಲಿ ಸುಮಾರು 300 ಜನ ಉಳಿದಿದ್ದರು. ಈ ನಡುವೆ ಕಾಡ್ಗಿಚ್ಚಿನ ಕಾಲ ಶುರುವಾಗಿತ್ತು. ಬೆಂಕಿ ತಡೆಯುವ ತಂಡಗಳ ಗಾರ್ಡ್‌ಗಳನ್ನೇ ಎಳೆದುಕೊಂಡಿದ್ದರಿಂದ ರಾಜ್ಯ ಕೂಗಾಡಿ ಸುಮಾರು 150 ಜನರನ್ನು ಬಿಡಿಸಿಕೊಂಡಿತ್ತು.

ರಾಜ್ಯದ ಹಕ್ಕು ಅಂದಕೂಡಲೇ ಚಪ್ಪಾಳೆ ಬೇಡ

1878ರ ಆ ಕಾಯ್ದೆಯ ಹುಟ್ಟನ್ನು ನೋಡಿದರೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಬಿಡುಗಡೆಯಾದ ಕಪ್ಪು ಜನರ ಮತದಾನವನ್ನು ಕೇಂದ್ರದ ಸೈನಿಕರು ಕಾಯುತ್ತಿದ್ದರು. ಅದು ನಿಲ್ಲಲಿ ಅಂತ ದಕ್ಷಿಣದ ಬಿಳಿ ರಾಜಕಾರಣಿಗಳು ಒತ್ತಿ ಮಾಡಿಸಿದ ಕಾಯ್ದೆ ಅದು. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳನ್ನು ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದರು. ಗವರ್ನರ್ ಆರ್ವಲ್ ಫೌಬಸ್ ಮಕ್ಕಳನ್ನು ತಡೆಯಲು ಬಳಸಿದ್ದ ಗಾರ್ಡ್ ಪಡೆಯನ್ನೇ ಕಿತ್ತುಕೊಂಡರು. 1965ರಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟ ಸೆಲ್ಮಾದ ಪಾದಯಾತ್ರಿಗಳನ್ನು ಕಾಯಲು ಅಧ್ಯಕ್ಷ ಜಾನ್ಸನ್ ಅಲಬಾಮಾ ಗಾರ್ಡ್ ತೆಗೆದುಕೊಂಡದ್ದು, ಗವರ್ನರ್ ಜಾರ್ಜ್ ವ್ಯಾಲೇಸ್ ತಾವಾಗಿ ಅದನ್ನು ಕಳಿಸಲು ಒಪ್ಪದಿದ್ದಾಗ.

ಆದ್ದರಿಂದ ಗವರ್ನರ್ ಯಾವಾಗಲೂ ಸರಿ, ಅಧ್ಯಕ್ಷ ಯಾವಾಗಲೂ ತಪ್ಪು ಅನ್ನುವ ನಿಯಮ ಇಲ್ಲಿ ಕೆಲಸ ಮಾಡುವುದಿಲ್ಲ. 1957 ಮತ್ತು 1965ರಲ್ಲಿ ಸೈನಿಕರು ಬಂದದ್ದು ಕೋರ್ಟು ಎತ್ತಿಹಿಡಿದ ಹಕ್ಕನ್ನು ರಾಜ್ಯ ತುಳಿಯುತ್ತಿದ್ದಾಗ, ಶಾಲೆಗೆ ಹೊರಟ ಮಕ್ಕಳನ್ನು, ಮೆರವಣಿಗೆ ಹೊರಟವರನ್ನು ಕಾಯಲು. 2025ರಲ್ಲಿ ಸೈನಿಕರು ನಿಂತದ್ದು ಮೆರವಣಿಗೆಯ ಎದುರು.

ಕೊನೆಗೆ ಬಾಗಿಲು ಮುಚ್ಚಿದ್ದು ಎರಡು ಪದ

ಶರತ್ಕಾಲದಲ್ಲಿ ಕಥೆ ಬೇರೆ ಊರುಗಳಿಗೆ ಹೋಯಿತು. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಅಲ್ಲಿನದೇ ಗಾರ್ಡ್ ಕಳಿಸುವುದನ್ನು ಅಕ್ಟೋಬರ್ 4ರಂದು ನ್ಯಾಯಾಧೀಶೆ ಕ್ಯಾರಿನ್ ಇಮ್ಮರ್ಗಟ್ ತಡೆದರು. ಅವರನ್ನು ನೇಮಿಸಿದ್ದು ಟ್ರಂಪ್ ಅವರೇ. ಮರುದಿನವೇ ಕೇಂದ್ರ ಸುಮಾರು 200 ಕ್ಯಾಲಿಫೋರ್ನಿಯಾ ಗಾರ್ಡ್‌ಗಳನ್ನು ಅಲ್ಲಿಗೆ ಹೊರಡಿಸಿತು. ಲಾಸ್ ಏಂಜಲಿಸ್‌ಗೆ ಅಂತ ತೆಗೆದುಕೊಂಡ ಸೈನಿಕರು! ಇಮ್ಮರ್ಗಟ್ ಅದನ್ನೂ ತಡೆದರು. ಷಿಕಾಗೋ ಕಡೆಗೆ ಟೆಕ್ಸಸ್ ಗಾರ್ಡ್ ಹೊರಟಿತು. ಅಲ್ಲಿ ನ್ಯಾಯಾಧೀಶೆ ಏಪ್ರಿಲ್ ಪೆರಿ ತಡೆದರು. ಆ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು.

ಅಲ್ಲಿ ತಿರುವು ಕೊಟ್ಟದ್ದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಪ್ರೊಫೆಸರ್ ಮಾರ್ಟಿ ಲೆಡರ್‌ಮನ್ ಹೊರಗಿನಿಂದ ಸಲ್ಲಿಸಿದ ಒಂದು ಟಿಪ್ಪಣಿ. ಸೆಕ್ಷನ್ 12406ರಲ್ಲಿರುವ ‘ರೆಗ್ಯುಲರ್ ಫೋರ್ಸಸ್’ ಅಂದರೆ ಯಾರು? ಸರ್ಕಾರ ಅದನ್ನು ಐಸ್ ಥರದ ನಾಗರಿಕ ಅಧಿಕಾರಿಗಳು ಅಂತ ಓದುತ್ತಿತ್ತು. ಅಧಿಕಾರಿಗಳಿಗೆ ಕಷ್ಟವಾದರೆ ಗಾರ್ಡ್ ಕರೆಸಬಹುದು, ಅಷ್ಟೇ. ಕಾನೂನಿನ ಬೇರು 1903 ಮತ್ತು 1908ರ ಕಾಯ್ದೆಗಳಲ್ಲಿದೆ, ಆ ಕಾಲದಲ್ಲಿ ಹಾಗೆ ಅಂದರೆ ಖಾಯಂ ಸೇನೆಯೇ ಅಂತ ಲೆಡರ್‌ಮನ್ ತೋರಿಸಿದರು. ಕೋರ್ಟು ಎರಡೂ ಕಡೆಯವರಿಗೆ ಇದರ ಮೇಲೆ ಮತ್ತೆ ಬರೆದುಕೊಡಿ ಅಂದಿತು.

ಹಾಗೆ ಓದಿದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಖಾಯಂ ಸೇನೆಯಿಂದಲೂ ಕಾನೂನು ಜಾರಿ ಆಗದಿದ್ದಾಗ ಮಾತ್ರ ಗಾರ್ಡ್ ಕರೆಸಬಹುದು. ಆದರೆ ಖಾಯಂ ಸೇನೆ ಕಾನೂನು ಜಾರಿ ಮಾಡುವುದನ್ನು ಪಾಸಿ ಕಾಮಿಟೇಟಸ್ ಕಾಯ್ದೆಯೇ ಸಾಮಾನ್ಯವಾಗಿ ತಡೆಯುತ್ತದೆ. ಅಂದರೆ ಸೇನೆ ಬಳಸಲು ಬೇರೆ ಕಾನೂನಿನ ಅಧಿಕಾರ ಇದೆ ಅಂತ ಮೊದಲು ತೋರಿಸಬೇಕು. ಡಿಸೆಂಬರ್ 23ರಂದು ಸುಪ್ರೀಂ ಕೋರ್ಟ್ ಈ ಓದನ್ನೇ ಬಹುಶಃ ಸರಿ ಅಂತ ಒಪ್ಪಿ, ಸರ್ಕಾರದ ಮನವಿಯನ್ನು 6-3ರಿಂದ ತಿರಸ್ಕರಿಸಿತು. ದಂಗೆ ಇತ್ತೋ ಇಲ್ಲವೋ ಅನ್ನುವ ಗೋಜಿಗೇ ಹೋಗಲಿಲ್ಲ. ಆರು ತಿಂಗಳು ಎಲ್ಲರೂ ಉರಿಯುವ ಕಾರುಗಳ ಬಗ್ಗೆ ವಾದ ಮಾಡಿದ್ದರು. ತೀರ್ಮಾನವಾದದ್ದು ನೂರು ವರ್ಷ ಹಳೆಯ ಕಾಯ್ದೆಯ ಒಂದು ಸಾಲಿನಿಂದ.

ಇತ್ತ ಬ್ರೇಯರ್ ಡಿಸೆಂಬರ್ 10ರಂದು ಮೂರನೇ ಸಲ ರಾಜ್ಯದ ಪರ ಆದೇಶ ಕೊಟ್ಟಿದ್ದರು. ಲಾಸ್ ಏಂಜಲಿಸ್‌ನಲ್ಲಿ ಆಗ ಉಳಿದಿದ್ದವರು ಸುಮಾರು 100. ಆದರೂ ಕೇಂದ್ರ 2026ರ ಫೆಬ್ರವರಿವರೆಗೆ ಅವಧಿ ವಿಸ್ತರಿಸಿಕೊಂಡಿತ್ತು. ಸುಪ್ರೀಂ ಕೋರ್ಟ್ ಮಾತಾಡಿದ ಮೇಲೆ ಕೇಂದ್ರ ತನ್ನ ತಡೆ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಡಿಸೆಂಬರ್ 31ರಂದು ಗಾರ್ಡ್ ಪಡೆ ಗವರ್ನರ್ ಕೈಗೆ ವಾಪಸ್ ಬಂತು. ಅದೇ ದಿನ ಟ್ರಂಪ್ ಲಾಸ್ ಏಂಜಲಿಸ್, ಷಿಕಾಗೋ, ಪೋರ್ಟ್‌ಲ್ಯಾಂಡ್‌ನಿಂದ ಸೈನಿಕರನ್ನು ತೆಗೆಯುತ್ತೇವೆ ಅಂತ ಘೋಷಿಸಿದರು. ಬೇಕಾದರೆ ಬೇರೆ ರೂಪದಲ್ಲಿ, ಇನ್ನೂ ಬಲವಾಗಿ ಬರುತ್ತೇವೆ ಅಂತಲೂ ಸೇರಿಸಿದರು.

ವಲಸೆ ದಾಳಿಗಳ ವಿಷಯದಲ್ಲಿ ರಾಜ್ಯಕ್ಕೆ ಇದರಿಂದ ಏನೂ ಸಿಗಲಿಲ್ಲ. ಮೈಬಣ್ಣ, ಭಾಷೆ, ಕೆಲಸ ನೋಡಿ ಜನರನ್ನು ತಡೆಯಬಾರದು ಅಂತ ಲಾಸ್ ಏಂಜಲಿಸ್‌ನ ಇನ್ನೊಬ್ಬ ನ್ಯಾಯಾಧೀಶೆ ಜುಲೈನಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 8ರಂದೇ ತಡೆಹಿಡಿದಿತ್ತು.

ಡಿಸೆಂಬರ್ 23ರ ಆದೇಶದಲ್ಲಿ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಫಲಿತಾಂಶ ಒಪ್ಪಿದರೂ ಬೇರೆ ಟಿಪ್ಪಣಿ ಬರೆದರು. ಹೀಗೆ ಓದಿದರೆ ಅಧ್ಯಕ್ಷರು ಗಾರ್ಡ್ ಬಿಟ್ಟು ಖಾಯಂ ಸೇನೆಯನ್ನೇ ಹೆಚ್ಚು ಬಳಸುವ ಹಾಗಾಗಬಹುದು ಅಂತ ಅವರು ಅದರಲ್ಲಿ ಎಚ್ಚರಿಸಿದ್ದಾರೆ. ಜೂನ್‌ನಲ್ಲಿ 700 ಮರೀನ್‌ಗಳನ್ನು ಕಳಿಸಲು ಸೆಕ್ಷನ್ 12406 ಬೇಕಾಗಿರಲಿಲ್ಲ. ಆ ಸೆಕ್ಷನ್ ಇರುವುದು ಗಾರ್ಡ್‌ಗೆ ಮಾತ್ರ. ಇನ್ಸರೆಕ್ಷನ್ ಆ್ಯಕ್ಟ್ ಬಗ್ಗೆ ಈ ಕೇಸುಗಳಲ್ಲಿ ಯಾವ ಕೋರ್ಟೂ ತೀರ್ಮಾನ ಕೊಟ್ಟಿಲ್ಲ. ಟ್ರಂಪ್ ಇದರಲ್ಲಿ ಅದನ್ನು ಬಳಸಿಯೇ ಇರಲಿಲ್ಲ.